ಗಾಡಿಗಳು ಮಾತಾಡಿಕೊಂಡರೆ ಟ್ರಾಫಿಕ್ ಕರಗುತ್ತಾ?

230 ಮೀಟರ್ ಸುತ್ತಳತೆಯ ಒಂದು ವೃತ್ತ. ಅದರ ಮೇಲೆ 22 ಕಾರು. ಸಿಗ್ನಲ್ ಇಲ್ಲ, ಕ್ರಾಸ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಹಸುವೂ ಇಲ್ಲ. ಚಾಲಕರಿಗೆ ಹೇಳಿದ್ದು ಇಷ್ಟೇ: ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಮುಂದಿನ ಕಾರಿನ ಹಿಂದೆ ಹೋಗ್ತಾ ಇರಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಜೊತೆಗಾರರು ಮಾಡಿದ ಈ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಮೊದಮೊದಲು ಎಲ್ಲರೂ ಒಂದೇ ಸಮ ಸುತ್ತಿದರು. ಆಮೇಲೆ ಯಾರೋ ಒಬ್ಬರು ಚೂರು ನಿಧಾನ ಮಾಡಿದರು. ಹಿಂದಿನವರು ಅದಕ್ಕಿಂತ ಸ್ವಲ್ಪ ಜಾಸ್ತಿ ಬ್ರೇಕ್ ಒತ್ತಿದರು. ಅವರ ಹಿಂದಿನವರು ಇನ್ನೂ ಜಾಸ್ತಿ. ನೋಡನೋಡುತ್ತಿದ್ದಂತೆ ಒಂದಷ್ಟು ಕಾರುಗಳು ಪೂರ್ತಿ ನಿಂತೇ ಹೋದವು. ನಿಂತವರು ಹೊರಡುವಷ್ಟರಲ್ಲಿ ಅವರ ಹಿಂದೆ ಹೊಸಬರು ಬಂದು ನಿಲ್ಲುತ್ತಿದ್ದರು. ಹೀಗೆ ಆ ಜಾಮ್ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಯಿತು.

ಹೈವೇಯಲ್ಲೋ ಫ್ಲೈಓವರ್ ಮೇಲೋ ಅರ್ಧ ಗಂಟೆ ತೆವಳಿ, ಕೊನೆಗೆ ಮುಂದೆ ಹೋಗಿ ನೋಡಿದರೆ ಆಕ್ಸಿಡೆಂಟೂ ಇಲ್ಲ, ಕೆಟ್ಟು ನಿಂತ ಲಾರಿಯೂ ಇಲ್ಲ. ಹಾಗಿದ್ದರೆ ನಾವು ನಿಂತಿದ್ದು ಯಾತಕ್ಕೆ? ಅದರ ಉತ್ತರ ಆ ವೃತ್ತದಲ್ಲಿದೆ.

ಲೆಕ್ಕ ಸರಳ. 230 ಮೀಟರ್‌ನಲ್ಲಿ 22 ಕಾರು ಅಂದರೆ ಒಂದೊಂದಕ್ಕೆ ಹತ್ತೂವರೆ ಮೀಟರ್‌ಗಿಂತ ಕಮ್ಮಿ ಜಾಗ. ಕಾರಿನ ಉದ್ದ ಕಳೆದರೆ ಮುಂದಿನ ಗಾಡಿಗೂ ನಮಗೂ ನಡುವೆ ಆರು ಮೀಟರ್ ಉಳಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಎಂಟು ಮೀಟರ್ ಹೋಗಿರುತ್ತೇವೆ. ಮುಂದಿನವರ ಬ್ರೇಕ್ ಲೈಟ್ ಕಂಡು, ಅದು ತಲೆಗೆ ಹೋಗಿ, ಕಾಲು ಪೆಡಲ್ ಮೇಲೆ ಬೀಳುವುದಕ್ಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ತಡವಾಯಿತು ಅಂತ ಗೊತ್ತಾದ ಕೂಡಲೇ ನಾವು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತೇವೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ತಡ ಎಲ್ಲರಿಗೂ ಆಗುತ್ತದೆ, ಮತ್ತು ಸಾಲಿನಲ್ಲಿ ಹಿಂದೆ ಹೋದಷ್ಟೂ ಅದು ಕೂಡುತ್ತಾ ಹೋಗುತ್ತದೆ.

ಅಂದರೆ ರಸ್ತೆ ಸಾಲದು ಅನ್ನುವುದು ಜಾಮ್‌ಗೆ ಒಂದು ಕಾರಣ, ಅಷ್ಟೇ. ಮುಂದಿನ ಗಾಡಿಯ ಹಿಂಭಾಗ ಬಿಟ್ಟರೆ ನಮಗೆ ಬೇರೇನೂ ಕಾಣುವುದಿಲ್ಲ ಅನ್ನುವುದು ಇನ್ನೊಂದು. ಐದು ಗಾಡಿ ಆಚೆ ಏನಾಗುತ್ತಿದೆ ಅಂತ ಮೊದಲೇ ಗೊತ್ತಿದ್ದರೆ ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆದಿದ್ದರೆ ಸಾಕಾಗುತ್ತಿತ್ತು. ಗಾಡಿಗಳು ಪರಸ್ಪರ ಮಾತಾಡಿಕೊಳ್ಳಬೇಕು ಅನ್ನುವ ಯೋಚನೆ ಹುಟ್ಟಿದ್ದು ಇಲ್ಲಿಂದಲೇ.

ಗಾಡಿಗಳ ಮಾತು ಅಂದರೆ ಏನು?

ಬಹಳ ಬಡ ಮಾತು ಅದು. ಅಮೆರಿಕದ ಮಾನದಂಡದಲ್ಲಿ ಪ್ರತಿ ಗಾಡಿ ಸೆಕೆಂಡಿಗೆ ಹತ್ತು ಸಲ ಒಂದು ಪುಟ್ಟ ಸಂದೇಶವನ್ನು ರೇಡಿಯೋದಲ್ಲಿ ಬಿಡುತ್ತದೆ. ನಾನು ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಹೋಗುತ್ತಿದ್ದೇನೆ, ನನ್ನ ಉದ್ದ ಅಗಲ ಇಷ್ಟು, ಈಗ ಬ್ರೇಕ್ ಒತ್ತಿದ್ದೇನೆ. ಮುಖ್ಯವಾಗಿ ಇಷ್ಟೇ. ಸುಮಾರು 300 ಮೀಟರ್ ಒಳಗಿನ ಗಾಡಿಗಳಿಗೆ ಅದು ಕೇಳಿಸುತ್ತದೆ. ಮೊಬೈಲ್ ಟವರ್ ಬೇಕಾಗಿಲ್ಲ, ಇಂಟರ್ನೆಟ್ಟೂ ಬೇಕಾಗಿಲ್ಲ. ಗಾಡಿಯ ನಂಬರ್ ಆಗಲಿ, ಮಾಲೀಕರ ಹೆಸರಾಗಲಿ ಸಂದೇಶದಲ್ಲಿ ಇರುವುದಿಲ್ಲ. ಬದಲಿಗೆ ಒಂದು ಡಿಜಿಟಲ್ ಸಹಿ ಇರುತ್ತದೆ. ಯಾರೂ ಬೆನ್ನು ಹತ್ತಬಾರದು ಅಂತ ಆ ಸಹಿಯೂ ಆಗಾಗ ಬದಲಾಗುತ್ತದೆ.

ಕ್ಯಾಮೆರಾ, ರಾಡಾರ್ ಇದ್ದಮೇಲೆ ರೇಡಿಯೋ ಯಾಕೆ ಅಂತ ಕೇಳಬಹುದು. ಈಗ ಮಧ್ಯಮ ಬೆಲೆಯ ಕಾರುಗಳಲ್ಲೂ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಬರುತ್ತಿದೆ. ಮುಂದಿನ ಕಾರು ನಿಧಾನವಾದರೆ ನಮ್ಮದೂ ತಾನಾಗಿ ನಿಧಾನವಾಗುತ್ತದೆ. ಇದರಿಂದ ಜಾಮ್ ಕಮ್ಮಿಯಾಗಬೇಕಲ್ವಾ? ಆಗುವುದಿಲ್ಲ. ಅಮೆರಿಕದಲ್ಲಿ ಸಂಶೋಧಕರು ಮಾರುಕಟ್ಟೆಯಲ್ಲಿದ್ದ ಏಳು ಕಾರುಗಳ ಕ್ರೂಸ್ ಕಂಟ್ರೋಲನ್ನು ಪರೀಕ್ಷಿಸಿದರು. ಏಳರಲ್ಲೂ ಒಂದೇ ಗುಣ: ಮುಂದಿನ ಕಾರಿನ ಸಣ್ಣ ಏರಿಳಿತವನ್ನು ತಗ್ಗಿಸುವ ಬದಲು ದೊಡ್ಡದು ಮಾಡಿ ಹಿಂದಿನವರಿಗೆ ದಾಟಿಸುತ್ತಿದ್ದವು. ಥೇಟ್ ಮನುಷ್ಯರಂತೆ. ಕಾರಣ ಇಷ್ಟೇ, ರಾಡಾರ್‌ಗೆ ಕಾಣುವುದೂ ಮುಂದಿನ ಒಂದು ಗಾಡಿ. ಅದರ ವೇಗ ನಿಜಕ್ಕೂ ಇಳಿದಮೇಲೆ ಅಳೆದು, ಖಚಿತ ಮಾಡಿಕೊಂಡು, ಆಮೇಲೆ ಇದು ಬ್ರೇಕ್ ಹಾಕಬೇಕು.

ರೇಡಿಯೋ ಸಂದೇಶ ಹಾಗಲ್ಲ. ಬ್ರೇಕ್ ಒತ್ತಿದ ಕ್ಷಣದಲ್ಲೇ, ವೇಗ ಇಳಿಯುವ ಮೊದಲೇ, ಹಿಂದಿನ ಹತ್ತು ಗಾಡಿಗಳಿಗೂ ಸುದ್ದಿ ಮುಟ್ಟಿರುತ್ತದೆ. ನಡುವೆ ಬಸ್ಸೇ ಅಡ್ಡ ಇರಲಿ. ಹಾಗಾಗಿ ಗಾಡಿಗಳು ಹತ್ತಿರ ಹತ್ತಿರ ಹೋದರೂ ಅಪಾಯವಿಲ್ಲ. ಕ್ಯಾಲಿಫೋರ್ನಿಯಾದ ಸಂಶೋಧಕರು 2012ರಲ್ಲಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡಿದರು. ಹೈವೇಯ ಒಂದು ಲೇನ್‌ನಲ್ಲಿ ಗಂಟೆಗೆ ಸುಮಾರು 2,000 ಗಾಡಿ ದಾಟುತ್ತವೆ. ಎಲ್ಲ ಗಾಡಿಗೂ ಬರೀ ರಾಡಾರ್ ಕ್ರೂಸ್ ಕಂಟ್ರೋಲ್ ಕೊಟ್ಟರೆ ಆ ಸಂಖ್ಯೆ ಹೆಚ್ಚೇನೂ ಬದಲಾಗಲಿಲ್ಲ. ಮಾತಾಡಿಕೊಳ್ಳುವ ಕ್ರೂಸ್ ಕಂಟ್ರೋಲ್ ಕೊಟ್ಟರೆ ಸುಮಾರು 4,000ಕ್ಕೆ ಏರಿತು. ಒಂದೇ ಒಂದು ಇಟ್ಟಿಗೆ ಇಡದೆ ಇನ್ನೊಂದು ಲೇನ್ ಕಟ್ಟಿದಂತಾಯಿತು. ಎಲ್ಲ ಗಾಡಿಗೂ ಅನ್ನುವ ಷರತ್ತನ್ನು ಮಾತ್ರ ನೆನಪಿಟ್ಟುಕೊಳ್ಳಿ. ಆ ತೊಡಕಿಗೆ ಮುಂದೆ ಬರುತ್ತೇನೆ.

ಹಾಗಂತ ಎಲ್ಲದಕ್ಕೂ ರೇಡಿಯೋವೇ ಬೇಕು ಅಂತಲೂ ಇಲ್ಲ. ಅಮೆರಿಕದ ಅರಿಜೋನಾದಲ್ಲಿ ನಗೋಯಾದ ಪ್ರಯೋಗವನ್ನೇ ಇನ್ನೊಮ್ಮೆ ಮಾಡಿದರು. ವೃತ್ತ 260 ಮೀಟರ್, ಇಪ್ಪತ್ತು ಚಿಲ್ಲರೆ ಕಾರು. ಅದರಲ್ಲಿ ಒಂದನ್ನು ಮಾತ್ರ ಕಂಪ್ಯೂಟರ್ ಕೈಗೆ ಕೊಟ್ಟರು. ಅದರ ಕೆಲಸ ಮುಂದಿನ ಕಾರಿನ ಬಾಲ ಹಿಡಿಯುವುದಲ್ಲ. ಒಟ್ಟು ಸಾಲಿನ ಸರಾಸರಿ ವೇಗಕ್ಕೆ ಅಂಟಿಕೊಂಡು, ಮುಂದೆ ಜಾಗ ಬಿಟ್ಟುಕೊಂಡು, ತಾಳ್ಮೆಯಿಂದ ಸಾಗುವುದು. ಆ ಒಂದು ಕಾರಿನಿಂದ ನಿಂತು ಹೊರಡುವ ಅಲೆ ಹೆಚ್ಚುಕಮ್ಮಿ ಅಳಿಸಿಹೋಯಿತು. ಎಲ್ಲ ಕಾರುಗಳೂ ಸೇರಿ ಸುಡುವ ಪೆಟ್ರೋಲ್ 40 ಶೇಕಡಾದವರೆಗೂ ಇಳಿಯಿತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಈ ಕ್ಷೇತ್ರದಲ್ಲೇ ಬಹಳ ಇಷ್ಟವಾದದ್ದು. ಇಪ್ಪತ್ತರಲ್ಲಿ ಒಬ್ಬ ಸಮಾಧಾನಿ ಇದ್ದರೆ ಉಳಿದವರ ಅವಸರವೂ ತಣ್ಣಗಾಗುತ್ತದೆ ಅಂತ ಮೀಟರ್ ಹಿಡಿದು ತೋರಿಸಿದ್ದಾರೆ. 2022ರ ನವೆಂಬರ್‌ನಲ್ಲಿ ಇದೇ ಗುಂಪಿನ ಹಲವರು ಸೇರಿ ಅಮೆರಿಕದ ನ್ಯಾಶ್‌ವಿಲ್ ನಗರದ ಬಳಿಯ ಹೈವೇಗೆ ಇಂಥ 100 ಕಾರುಗಳನ್ನು ಬೆಳಗಿನ ರಶ್ ಹೊತ್ತಿನಲ್ಲಿ ಇಳಿಸಿದರು. ಸುಮಾರು 7 ಕಿ.ಮೀ. ಉದ್ದಕ್ಕೂ ಕಂಬಗಳ ಮೇಲೆ ಕ್ಯಾಮೆರಾ ಇಟ್ಟು ಒಂದೊಂದು ಗಾಡಿಯ ಚಲನೆಯನ್ನೂ ದಾಖಲಿಸಿಕೊಂಡರು. ಅಲ್ಲಿ ಕಾರುಗಳಿಗೆ ಮುಂದಿನ ಟ್ರಾಫಿಕ್‌ನ ಸುದ್ದಿಯೂ ಸಿಗುತ್ತಿತ್ತು.

ಜಾಗ ಬಿಡುವವರು ಯಾರು?

ಇಲ್ಲಿವರೆಗೆ ಹೇಳಿದ್ದು ಒಂದೇ ಸಾಲಿನ ಕಥೆ. ಊರೊಳಗಿನ ನಿಜವಾದ ಕಷ್ಟ ಸಾಲು ಬದಲಿಸುವಾಗ ಶುರುವಾಗುತ್ತದೆ. ಮುಂದೆ ಆಟೋ ನಿಂತಿದೆ, ಇಲ್ಲವೇ ಡೆಲಿವರಿ ವ್ಯಾನ್ ನಿಲ್ಲಿಸಿದ್ದಾರೆ. ನಾವು ಪಕ್ಕದ ಲೇನ್‌ಗೆ ಹೋಗಬೇಕು. ಪಕ್ಕದವರು ಬಿಡುವುದಿಲ್ಲ. ಬಿಟ್ಟರೆ ಒಬ್ಬರಲ್ಲ, ಹತ್ತು ಜನ ನುಗ್ಗುತ್ತಾರೆ ಅನ್ನುವ ಭಯ ಅವರಿಗೂ ಇದೆ, ಪಾಪ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನೇ ಆಟಿಕೆ ಗಾತ್ರದ 16 ರೋಬೋ ಕಾರುಗಳನ್ನು ಇಟ್ಟುಕೊಂಡು ನೋಡಿದರು. ಎರಡು ಲೇನ್‌ನ ಸುತ್ತು ರಸ್ತೆ. ಒಳಗಿನ ಲೇನ್‌ನಲ್ಲಿ ಒಂದು ಕಾರನ್ನು ಬೇಕಂತಲೇ ನಿಲ್ಲಿಸಿದರು. ಮೊದಲು ಕಾರುಗಳು ತಮ್ಮ ಪಾಡಿಗೆ ತಾವು ಓಡುವಂತೆ ಮಾಡಿದರು. ಒಳಗಿನ ಲೇನ್‌ನವು ನಿಂತು, ಹೊರಗಿನ ಲೇನ್‌ನಲ್ಲಿ ಸಂದು ಸಿಗುವವರೆಗೆ ಕಾಯುತ್ತಿದ್ದವು. ಹಿಂದೆ ಬಾಲ ಬೆಳೆಯಿತು, ಒಟ್ಟು ಓಟವೇ ಕುಸಿಯಿತು. ಎರಡನೇ ಸಲ ಅವು ಸಂದೇಶ ಕೊಟ್ಟುಕೊಳ್ಳುವಂತೆ ಮಾಡಿದರು. ಕಾರು ನಿಂತ ಕೂಡಲೇ ಸುದ್ದಿ ಎಲ್ಲಕ್ಕೂ ಹೋಗುತ್ತದೆ. ಹೊರಗಿನ ಲೇನ್‌ನವು ಮೊದಲೇ ಚೂರು ನಿಧಾನ ಮಾಡಿ ಸಂದು ಬಿಡುತ್ತವೆ. ಒಳಗಿನವು ನಿಲ್ಲದೆಯೇ ಆ ಸಂದಿಗೆ ಬಂದು, ನಿಂತ ಕಾರನ್ನು ದಾಟಿಹೋಗುತ್ತವೆ. ಓಟ 35 ಶೇಕಡಾ ಸುಧಾರಿಸಿತು.

ಆಮೇಲೆ ಒಂದು ತಮಾಷೆ ಮಾಡಿದರು. ಒಂದು ಕಾರನ್ನು ಮನುಷ್ಯನ ಕೈಗೆ ಕೊಟ್ಟು, ಎಲ್ಲರಿಗೂ ಅಡ್ಡಾದಿಡ್ಡಿ ನುಗ್ಗು ಅಂದರು. ಅಂಥವರು ನಮ್ಮ ಊರಲ್ಲೂ ಇದ್ದಾರೆ ಬಿಡಿ. ಆಗ ಸಹಕರಿಸುವ ಕಾರುಗಳ ಲಾಭ ಇನ್ನೂ ಜಾಸ್ತಿಯಾಯಿತು, 45 ಶೇಕಡಾ. ಯಾಕೆಂದರೆ ಒಬ್ಬ ನುಗ್ಗಿದಾಗ ಉಳಿದವೆಲ್ಲ ಗಕ್ಕನೆ ನಿಲ್ಲುವುದಿಲ್ಲ. ಅವನಿಗೆ ದಾರಿ ಬಿಟ್ಟು ತಮ್ಮ ಪಾಡಿಗೆ ಸಾಗುತ್ತವೆ.

ಇಲ್ಲಿ ಗಮನಿಸಬೇಕಾದ್ದು ಹೊರಗಿನ ಲೇನ್‌ನ ಕಾರನ್ನು. ಅದಕ್ಕೆ ಅಡ್ಡಿ ಏನೂ ಇರಲಿಲ್ಲ. ಸುಮ್ನೆ ಹೋಗಿದ್ದರೆ ಅದು ಒಂದೆರಡು ಸೆಕೆಂಡು ಬೇಗ ಹೋಗುತ್ತಿತ್ತು. ಅದು ಆ ಎರಡು ಸೆಕೆಂಡು ಬಿಟ್ಟುಕೊಟ್ಟದ್ದರಿಂದ ಇನ್ನೊಂದು ಲೇನ್‌ನಲ್ಲಿ ಬಾಲ ಬೆಳೆಯಲಿಲ್ಲ. ಸಂದೇಶ ಮುಟ್ಟಿಸಿದ್ದು ರೇಡಿಯೋ. ನಿಧಾನ ಮಾಡು ಅಂತ ಹೇಳಿದ್ದು ಮಾತ್ರ ಪ್ರೋಗ್ರಾಮ್ ಬರೆದವರ ತೀರ್ಮಾನ. ಅದೇ ಸಂದೇಶ ಸ್ವಾರ್ಥಿ ಕಾರಿಗೆ ಸಿಕ್ಕಿದ್ದರೆ ಅದು ಇನ್ನೂ ಬೇಗ ಮುಂದೆ ನುಗ್ಗಿ ಸಂದು ಮುಚ್ಚುತ್ತಿತ್ತು. ಈ ತಂತ್ರಜ್ಞಾನದ ಬಗ್ಗೆ ಬರುವ ಹೆಚ್ಚಿನ ಸುದ್ದಿಗಳಲ್ಲಿ ರೇಡಿಯೋ ಬಗ್ಗೆ ಪುಟಗಟ್ಟಲೆ ಇರುತ್ತದೆ. ಯಾರು ಯಾರಿಗೆ ಜಾಗ ಬಿಡಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ದಾರಿ ಗೊತ್ತಾದರೆ ಸಾಕೇ?

ಮಾಹಿತಿ ಇದ್ದೂ ಸಹಕಾರ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಲೆಕ್ಕವೊಂದಿದೆ. ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರೆಸ್ 1968ರಲ್ಲಿ ತೋರಿಸಿಕೊಟ್ಟದ್ದು. ಒಂದು ಊರಿನಿಂದ ಇನ್ನೊಂದಕ್ಕೆ 4,000 ಕಾರು ಹೋಗಬೇಕು ಅಂತಿಟ್ಟುಕೊಳ್ಳಿ. ಎರಡು ದಾರಿ. ಎರಡರಲ್ಲೂ ಒಂದು ಭಾಗ ಕಿರಿದು, ಇನ್ನೊಂದು ಭಾಗ ಅಗಲ. ಅಗಲ ರಸ್ತೆಯಲ್ಲಿ ಎಷ್ಟೇ ಗಾಡಿ ಇರಲಿ, 45 ನಿಮಿಷ. ಕಿರಿದಾದದ್ದರಲ್ಲಿ ನೂರು ಗಾಡಿಗೆ ಒಂದು ನಿಮಿಷದಂತೆ ಏರುತ್ತದೆ. ಮೊದಲ ದಾರಿಯಲ್ಲಿ ಕಿರಿದಾದ ಭಾಗ ಮೊದಲು ಬರುತ್ತದೆ, ಎರಡನೆಯದರಲ್ಲಿ ಕೊನೆಗೆ. ಅರ್ಧರ್ಧ ಹಂಚಿಕೊಂಡರೆ ಎಲ್ಲರಿಗೂ 20 ಕೂಡಿಸು 45, ಒಟ್ಟು 65 ನಿಮಿಷ.

ಈಗ ನಡುವೆ ಒಂದು ಸೂಪರ್ ಅಡ್ಡದಾರಿ ಕಟ್ಟಿದರು. ಅದನ್ನು ದಾಟಲು ಹೊತ್ತೇ ಬೇಡ. ಅದರಿಂದ ಮೊದಲ ಕಿರಿದಾದ ರಸ್ತೆಯಿಂದ ಎರಡನೇ ಕಿರಿದಾದ ರಸ್ತೆಗೆ ನೇರ ಹೋಗಬಹುದು. 4,000 ಗಾಡಿ ಬಂದರೂ ಕಿರಿದಾದ ರಸ್ತೆಗೆ ಹಿಡಿಯುವುದು 40 ನಿಮಿಷ. ಅಗಲ ರಸ್ತೆಯ 45ಕ್ಕಿಂತ ಕಮ್ಮಿ. ಹಾಗಾಗಿ ಬುದ್ಧಿವಂತರೆಲ್ಲ ಎರಡೂ ಕಿರಿದಾದ ರಸ್ತೆಗಳನ್ನೇ ಹಿಡಿಯುತ್ತಾರೆ. ಫಲ: 40 ಕೂಡಿಸು 40, ಎಲ್ಲರಿಗೂ 80 ನಿಮಿಷ. ಹೊಸ ರಸ್ತೆ ಬಂದು ಪ್ರಯಾಣ ಕಾಲು ಗಂಟೆ ಉದ್ದವಾಯಿತು. ಯಾರೊಬ್ಬರೂ ಒಂಟಿಯಾಗಿ ಹಳೆಯ ದಾರಿಗೆ ಮರಳಿ ಲಾಭ ಮಾಡಿಕೊಳ್ಳಲೂ ಆಗುವುದಿಲ್ಲ. ಮರಳಿದರೆ ಅವರಿಗೆ 85 ನಿಮಿಷ!

ಫೋನಿನ ಮ್ಯಾಪ್ ನಮಗೆಲ್ಲ ಒಂದೇ ಒಳದಾರಿ ತೋರಿಸಿ, ಆ ಬಡಾವಣೆಯ ಗಲ್ಲಿಯಲ್ಲಿ ಎಲ್ಲರೂ ಎದುರುಬದುರು ಸಿಕ್ಕಿಹಾಕಿಕೊಳ್ಳುತ್ತೇವಲ್ಲ, ಅದು ಇದರ ತಮ್ಮ. ಪ್ರತಿಯೊಬ್ಬರಿಗೂ ತನ್ನ ಬೇಗದ ದಾರಿ ಗೊತ್ತು. ಆದರೆ ನೀವು ಈ ಕಡೆ ಹೋಗಿ, ನಾವು ಆ ಕಡೆ ಹೋಗುತ್ತೇವೆ ಅಂತ ಹಂಚಿಕೊಳ್ಳುವ ವ್ಯವಸ್ಥೆ ಇಲ್ಲ. ಸಹಕರಿಸುವ ಗಾಡಿಗಳ ಸಂಶೋಧನೆಯಲ್ಲಿ ಈ ಹಂಚಿಕೆಯೂ ಒಂದು ದೊಡ್ಡ ಭಾಗ. ಕೆಲವರನ್ನು ಎರಡು ನಿಮಿಷ ಉದ್ದದ ದಾರಿಗೆ ಕಳಿಸಿದರೆ ಎಲ್ಲರಿಗೂ ಹದಿನೈದು ನಿಮಿಷ ಉಳಿಯಬಹುದು. ಆ ಕೆಲವರು ಯಾರಾಗಬೇಕು ಅಂತ ಕೇಳಿ ನೋಡಿ, ಸಭೆ ಖಾಲಿಯಾಗುತ್ತದೆ.

ಸಿಗ್ನಲ್ ಹತ್ತಿರ

ಊರೊಳಗೆ ಹೊತ್ತು ಹೆಚ್ಚಾಗಿ ಹಾಳಾಗುವುದು ರಸ್ತೆಯ ಮಧ್ಯದಲ್ಲಲ್ಲ, ಜಂಕ್ಷನ್‌ನಲ್ಲಿ. ಹಸಿರು ಬಿದ್ದಾಗ ಮೊದಲನೆಯವರು ಹೊರಡುತ್ತಾರೆ. ಅವರು ಹೊರಟದ್ದು ನೋಡಿ ಎರಡನೆಯವರು. ಹತ್ತನೆಯವರ ಸರದಿ ಬರುವಷ್ಟರಲ್ಲಿ ಹಳದಿ. ಶಿಸ್ತಿನ ಲೇನ್ ಇರುವ ದೇಶದಲ್ಲೂ ಒಂದು ಲೇನ್‌ನಿಂದ ಎರಡು ಸೆಕೆಂಡಿಗೊಂದು ಕಾರು ದಾಟಿದರೆ ಅದೇ ಹೆಚ್ಚು. 30 ಸೆಕೆಂಡಿನ ಹಸಿರಿನಲ್ಲಿ, ಶುರುವಿನ ತಡ ಕಳೆದರೆ, ಹದಿನಾಲ್ಕು ಕಾರು.

ಗಾಡಿಗಳು ಮಾತಾಡಿಕೊಂಡರೆ ರೈಲಿನ ಬೋಗಿಗಳಂತೆ ಎಲ್ಲವೂ ಒಟ್ಟಿಗೆ ಹೊರಡಬಹುದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರವೀಣ್ ವರೈಯಾ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಲೆಕ್ಕ ಹಾಕಿ, ಗಾಡಿಗಳು ಹೀಗೆ ಗುಂಪಾಗಿ ಸಾಗಿದರೆ ಇರುವ ಜಂಕ್ಷನ್‌ಗಳಲ್ಲೇ ಎರಡು ಪಟ್ಟು ಗಾಡಿ ದಾಟಬಹುದು ಅಂದರು.

ಸಿಗ್ನಲ್‌ನಲ್ಲಿ ಮುಂದಿನ ಗಾಡಿಗೆ ಮೂಗು ತಾಗಿಸಿ ನಿಲ್ಲುವುದು ನಮ್ಮ ಅಭ್ಯಾಸ. ಹತ್ತಿರ ನಿಂತರೆ ಬೇಗ ದಾಟಬಹುದು ಅಂತ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಹತ್ತು ಕಾರು ನಿಲ್ಲಿಸಿ, ಮೇಲಿಂದ ಡ್ರೋನ್ ಬಿಟ್ಟು ನೋಡಿದರು. ನಡುವಿನ ಅಂತರವನ್ನು ಒಂದಡಿಗಿಂತ ಸ್ವಲ್ಪ ಹೆಚ್ಚಿನಿಂದ ಶುರುಮಾಡಿ ಏರಿಸುತ್ತಾ ಹೋದರು. ಸುಮಾರು 25 ಅಡಿವರೆಗೂ ದಾಟುವ ಹೊತ್ತಿನಲ್ಲಿ ವ್ಯತ್ಯಾಸವೇ ಬರಲಿಲ್ಲ. ಅಂಟಿಕೊಂಡು ನಿಂತವರು ಹೊರಡುವ ಮೊದಲು ಮುಂದಿನವರು ದೂರ ಹೋಗಲಿ ಅಂತ ಕಾಯಲೇಬೇಕು. ಉಳಿಸಿದ ಜಾಗವೆಲ್ಲ ಆ ಕಾಯುವಿಕೆಯಲ್ಲಿ ಹೋಗುತ್ತದೆ. ಬೈಕ್‌ಗಳು ತುಂಬಿದ ನಮ್ಮ ಸಿಗ್ನಲ್‌ಗೆ ಈ ಲೆಕ್ಕ ಹಾಗೇ ಒಪ್ಪುವುದಿಲ್ಲ. ಆದರೆ ಕಾರಿನವರು ಇನ್ನೊಂದು ಅಡಿ ತಳ್ಳಿಕೊಂಡು ಹೋಗುವುದರಲ್ಲಿ ಏನೂ ಸಿಗುವುದಿಲ್ಲ.

ಗಾಡಿಗಳು ಬೇಡ, ಸಿಗ್ನಲ್‌ಗಳೇ ಮಾತಾಡಿಕೊಂಡರೂ ಸಾಕಷ್ಟು ಆಗುತ್ತದೆ. ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಮಿತ್ ತಂಡ 2012ರಲ್ಲಿ ಒಂಬತ್ತು ಜಂಕ್ಷನ್‌ಗಳಲ್ಲಿ ಸರ್‌ಟ್ರಾಕ್ ಅನ್ನುವ ವ್ಯವಸ್ಥೆ ಹಾಕಿತು. ಪ್ರತಿ ಜಂಕ್ಷನ್ ತನ್ನ ಕಡೆ ಬರುತ್ತಿರುವ ಗಾಡಿಗಳನ್ನು ಕ್ಯಾಮೆರಾದಲ್ಲಿ ನೋಡಿ, ತನ್ನ ಹಸಿರನ್ನು ತಾನೇ ನಿರ್ಧರಿಸುತ್ತದೆ. ಆಮೇಲೆ, ಇಷ್ಟು ಗಾಡಿ ಬಿಟ್ಟಿದ್ದೇನೆ, ಇಷ್ಟು ಹೊತ್ತಿಗೆ ನಿನ್ನ ಹತ್ತಿರ ಬರುತ್ತವೆ ಅಂತ ಪಕ್ಕದ ಜಂಕ್ಷನ್‌ಗೆ ತಿಳಿಸುತ್ತದೆ. ಎಲ್ಲವನ್ನೂ ಆಳುವ ಒಂದು ಕೇಂದ್ರ ಕಂಪ್ಯೂಟರ್ ಇಲ್ಲ. ಪ್ರಯಾಣದ ಹೊತ್ತು ಸುಮಾರು 25 ಶೇಕಡಾ, ಸುಮ್ಮನೆ ನಿಲ್ಲುವ ಹೊತ್ತು 40 ಶೇಕಡಾ ಇಳಿಯಿತು. ಆಮೇಲೆ ನಗರದ ಇನ್ನಷ್ಟು ಜಂಕ್ಷನ್‌ಗಳಿಗೂ ಅದನ್ನು ಹರಡಿದರು.

ಸಿಗ್ನಲ್ಲೇ ಬೇಡ ಅನ್ನುವವರೂ ಇದ್ದಾರೆ. ಟೆಕ್ಸಸ್ ವಿಶ್ವವಿದ್ಯಾಲಯದ ಕರ್ಟ್ ಡ್ರೆಸ್ನರ್ ಮತ್ತು ಪೀಟರ್ ಸ್ಟೋನ್ 2004ರಿಂದಲೇ ಒಂದು ಯೋಜನೆ ಮುಂದಿಟ್ಟಿದ್ದಾರೆ. ಗಾಡಿ ದೂರದಿಂದಲೇ ಜಂಕ್ಷನ್‌ನ ಇಂಥ ಚೌಕ, ಇಂಥ ಕ್ಷಣ ನನಗೆ ಬೇಕು ಅಂತ ಸೀಟು ಕಾಯ್ದಿರಿಸುತ್ತದೆ. ಆಮೇಲೆ ನಾಲ್ಕೂ ಕಡೆಯಿಂದ ಗಾಡಿಗಳು ನಿಲ್ಲದೆ ಒಂದರ ಸಂದಿಯಲ್ಲಿ ಇನ್ನೊಂದು ನುಗ್ಗಿ ಹೋಗುತ್ತವೆ. ಅದರ ಕಂಪ್ಯೂಟರ್ ಚಿತ್ರ ನೋಡಿದರೆ ಮೈ ಜುಂ ಅನ್ನುತ್ತದೆ. ಆ ಚಿತ್ರದಲ್ಲಿ ರಸ್ತೆ ದಾಟುವ ಅಜ್ಜಿಯನ್ನು ಎಲ್ಲಿ ನಿಲ್ಲಿಸುವುದು ಅಂತ ನನಗೆ ಇನ್ನೂ ತಿಳಿದಿಲ್ಲ.

ಯಾಕೆ ಇನ್ನೂ ಬಂದಿಲ್ಲ?

ಅಮೆರಿಕ ಈ ರೇಡಿಯೋಗೆಂದು 5.9 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ 75 ಮೆಗಾಹರ್ಟ್ಸ್ ಜಾಗ ಮೀಸಲಿಟ್ಟದ್ದು 1999ರಲ್ಲಿ. ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಲಿ ಅಂತ ಅಲ್ಲಿನ ಸರ್ಕಾರ 2016ರ ಕೊನೆಯಲ್ಲಿ ಪ್ರಸ್ತಾಪ ಮಾಡಿತು. ಅಷ್ಟರಲ್ಲಿ ಎರಡು ಪಂಗಡವಾಗಿತ್ತು. ವೈಫೈ ಕುಟುಂಬದ ತಂತ್ರಜ್ಞಾನ ಬೇಕು ಅನ್ನುವವರು ಒಂದು ಕಡೆ, ಮೊಬೈಲ್ ಕುಟುಂಬದ್ದು ಬೇಕು ಅನ್ನುವವರು ಇನ್ನೊಂದು ಕಡೆ. ಇಬ್ಬರ ರೇಡಿಯೋಗಳಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. 2020ರಲ್ಲಿ ಅಲ್ಲಿನ ಸಂಪರ್ಕ ಆಯೋಗ 45 ಮೆಗಾಹರ್ಟ್ಸನ್ನು ಮನೆಯ ವೈಫೈಗೆ ಕೊಟ್ಟು, ಉಳಿದ 30ನ್ನು ಮೊಬೈಲ್ ಕುಟುಂಬದ ತಂತ್ರಜ್ಞಾನಕ್ಕೆ ಬಿಟ್ಟಿತು. ಕಡ್ಡಾಯದ ಪ್ರಸ್ತಾಪವನ್ನು 2023ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ತನ್ನ ಎಂಟನೇ ತಲೆಮಾರಿನ ಗಾಲ್ಫ್‌ನಲ್ಲಿ ವೈಫೈ ಕುಟುಂಬದ ರೇಡಿಯೋ ಕೊಟ್ಟಿತು. ಚೀನಾ ಮೊಬೈಲ್ ದಾರಿ ಹಿಡಿದಿದೆ.

ಇದರ ಹಿಂದೆ ಒಂದು ಕ್ರೂರ ಲೆಕ್ಕವಿದೆ. ರಸ್ತೆಯ ಹತ್ತರಲ್ಲಿ ಒಂದು ಗಾಡಿಗೆ ರೇಡಿಯೋ ಇದೆ ಅಂತಿಟ್ಟುಕೊಳ್ಳಿ. ಅಕ್ಕಪಕ್ಕ ಸಿಗುವ ಎರಡು ಗಾಡಿಗಳಿಗೂ ರೇಡಿಯೋ ಇರುವ ಸಾಧ್ಯತೆ ನೂರರಲ್ಲಿ ಒಂದು ಮಾತ್ರ. ಮೊದಲು ದುಡ್ಡು ಕೊಟ್ಟು ಕೊಂಡವರಿಗೆ ಮಾತಾಡಲು ಯಾರೂ ಇಲ್ಲ. ಹಾಗಾಗಿ ಕೊಳ್ಳುವವರೂ ಇಲ್ಲ. ಅರಿಜೋನಾದ ತಾಳ್ಮೆಯ ಕಾರು ನನಗೆ ಇಷ್ಟವಾಗುವುದು ಇದಕ್ಕೇ. ಅದು ಒಂಟಿಯಾಗಿದ್ದರೂ ಉಪಯೋಗಕ್ಕೆ ಬರುತ್ತದೆ.

ಸುಳ್ಳು ಹೇಳುವವರ ಚಿಂತೆ ಬೇರೆ. 2020ರಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ 99 ಫೋನ್‌ಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಳೆದುಕೊಂಡು ಹೋದರು. ಗೂಗಲ್ ಮ್ಯಾಪ್‌ನಲ್ಲಿ ಆ ರಸ್ತೆ ಕೆಂಪಾಯಿತು. ಮುಂದೆ ಜಾಮ್ ಇದೆ ಅಂತ ಸುಳ್ಳು ಸಂದೇಶ ಬಿಟ್ಟು ತನ್ನ ದಾರಿ ಖಾಲಿ ಮಾಡಿಕೊಳ್ಳುವ ಆಸೆ ಯಾರಿಗಾದರೂ ಬರಬಹುದು. ಸಂದೇಶಕ್ಕೆ ಡಿಜಿಟಲ್ ಸಹಿ ಹಾಕಿಸುವುದು ಅದಕ್ಕೇ.

ಬೆಂಗಳೂರಿಗೆ ಇದರಲ್ಲಿ ಏನಿದೆ?

ಮ್ಯಾಪ್ ಮಾಡುವ ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿಯಲ್ಲಿ ಬೆಂಗಳೂರಿಗೆ ಜಗತ್ತಿನ ನಿಧಾನ ನಗರಗಳಲ್ಲಿ ಮೂರನೇ ಸ್ಥಾನ. 10 ಕಿ.ಮೀ.ಗೆ ಸರಾಸರಿ 34 ನಿಮಿಷ 10 ಸೆಕೆಂಡು. ಕೋಲ್ಕತ್ತಾ ನಮಗಿಂತ ಒಂದು ಹೆಜ್ಜೆ ಮುಂದೆ, ಪುಣೆ ಒಂದು ಹೆಜ್ಜೆ ಹಿಂದೆ. ಇಲ್ಲಿನ ಗಾಡಿಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಅದರಲ್ಲಿ ಹೆಚ್ಚಿನವು ಬೈಕ್, ಸ್ಕೂಟರ್.

ಮೇಲೆ ಹೇಳಿದ ಪ್ರಯೋಗಗಳನ್ನೆಲ್ಲ ಲೇನ್ ಇರುವ ರಸ್ತೆಗೆಂದು ಮಾಡಿದ್ದು. ಇಲ್ಲಿ ತಾಳ್ಮೆಯ ಕಾರು ಮುಂದೆ ಹತ್ತು ಮೀಟರ್ ಜಾಗ ಬಿಟ್ಟರೆ ಅರೆಗಳಿಗೆಯಲ್ಲಿ ಎರಡು ಸ್ಕೂಟರ್, ಒಂದು ಆಟೋ ಅಲ್ಲಿರುತ್ತವೆ. ಅದು ಮತ್ತೆ ಹಿಂದೆ ಸರಿಯಬೇಕು. ಕಾರುಗಳ ಗುಂಪು ಒಟ್ಟಿಗೆ ಹೊರಡಬೇಕೆಂದರೆ ಸಿಗ್ನಲ್‌ನಲ್ಲಿ ಅವುಗಳ ಮುಂದೆ ಮೂವತ್ತು ಬೈಕ್ ನಿಂತಿರುತ್ತವೆ. ಅವರಿಗೆ ರೇಡಿಯೋ ಇಲ್ಲ. ಹಾಗಾಗಿ ಕಾರು ಕಾರಿನ ಜೊತೆ ಮಾತಾಡುವುದರಿಂದ ನಮ್ಮೂರಿನ ಜಾಮ್ ಬೇಗ ಕರಗುತ್ತದೆ ಅಂತ ನಾನು ನಂಬುವುದಿಲ್ಲ. ಮಾರುಕಟ್ಟೆಯವರು ಏನೇ ಹೇಳಲಿ.

ಸಿಗ್ನಲ್‌ನ ವಿಷಯ ಬೇರೆ. ಬೈಕಿಗೆ ರೇಡಿಯೋ ಇಲ್ಲದಿದ್ದರೂ ಸವಾರರ ಜೇಬಿನಲ್ಲಿ ಫೋನ್ ಇದೆ. ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಫೋನ್‌ಗಳ ಚಲನೆಯಿಂದ ಲೆಕ್ಕ ಹಾಕಿ ಸಿಗ್ನಲ್ ಸಮಯವನ್ನು ತಿದ್ದಲು ಸಲಹೆ ಕೊಡುವ ಗೂಗಲ್‌ನ ಗ್ರೀನ್ ಲೈಟ್ ಯೋಜನೆ ಬೆಂಗಳೂರಿನಲ್ಲೂ ನಡೆದಿದೆ. ಗಾಡಿಗಳ ಸಂಖ್ಯೆ ನೋಡಿ ತಾನಾಗಿ ಹೊಂದಿಕೊಳ್ಳುವ ಸಿಗ್ನಲ್‌ಗಳನ್ನೂ ನಗರದಲ್ಲಿ ಹಾಕಿದ್ದಾರೆ. ಇವು ಗಾಡಿಯ ಮಾತನ್ನು ನೇರವಾಗಿ ಕೇಳುವುದಿಲ್ಲ. ಆದರೆ ಅದೇ ದಾರಿಯ ಮೊದಲ ಹೆಜ್ಜೆಗಳು.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಅರ್ಥಶಾಸ್ತ್ರಜ್ಞರಾದ ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ತೆಗೆದರು. ಹೈವೇ ಎಷ್ಟು ಉದ್ದವಾಯಿತೋ ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಏರಿತ್ತು. ಜಾಗ ಕಂಡರೆ ಜನ ಬರುತ್ತಾರೆ. ಮಾತಾಡುವ ಕಾರುಗಳು ಇರುವ ರಸ್ತೆಯನ್ನೇ ಎರಡರಷ್ಟು ಮಾಡಿದರೂ ಇದೇ ಕಥೆ ಆಗಬಹುದು. ಚಾಲಕರಿಲ್ಲದ ಕಾರಾದರೆ ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದ ಸಂಶೋಧಕ ಆಡಮ್ ಮಿಲಾರ್ಡ್-ಬಾಲ್ 2019ರಲ್ಲಿ ತೋರಿಸಿದಂತೆ, ಪಾರ್ಕಿಂಗ್ ದುಡ್ಡು ಕೊಡುವುದಕ್ಕಿಂತ ಅಂಥ ಕಾರು ಖಾಲಿಯಾಗಿ ಸುತ್ತುತ್ತಿದ್ದರೆ ಅಗ್ಗ. ನಿಧಾನವಾಗಿ ಸುತ್ತಿದಷ್ಟೂ ಇನ್ನೂ ಅಗ್ಗ. ಅಂಥ ಕಾರುಗಳು ಎಲ್ಲ ಸೇರಿ ಜಾಮ್ ಮಾಡಿಕೊಂಡರೆ ಅವುಗಳಿಗೇ ಲಾಭ! ಅದೂ ಸಹಕಾರವೇ. ನಮ್ಮ ಪರವಾಗಿ ಅಲ್ಲ, ಅಷ್ಟೇ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ವ್ಯವಸ್ಥೆ ಏನನ್ನು ಎಣಿಸುತ್ತದೆ ಅನ್ನುವುದು. ಗಾಡಿಗಳನ್ನೋ, ಜನರನ್ನೋ? ಗಾಡಿ ಎಣಿಸಿದರೆ ಒಬ್ಬರು ಕೂತ ಕಾರೂ ಅರವತ್ತು ಜನ ನಿಂತ ಬಸ್ಸೂ ಒಂದೇ. ನೆದರ್‌ಲ್ಯಾಂಡ್ಸ್‌ನಲ್ಲಿ ಗಾಡಿಗಳ ಮತ್ತು ಫೋನ್‌ಗಳ ಸಂದೇಶ ಕೇಳುವ ಸಾವಿರಕ್ಕೂ ಹೆಚ್ಚು ಸಿಗ್ನಲ್‌ಗಳಿವೆ. ಅಲ್ಲಿ ಆಂಬುಲೆನ್ಸ್, ಬಸ್, ಭಾರದ ಲಾರಿ, ಸೈಕಲ್ ಸವಾರರ ಗುಂಪು, ಇವರಲ್ಲಿ ಯಾರಿಗೆ ಎಲ್ಲಿ ಮೊದಲು ಹಸಿರು ಅಂತ ಆಡಳಿತ ತೀರ್ಮಾನಿಸಿ ಹೇಳಬಹುದು. ಬಿಎಂಟಿಸಿಯ ಬಸ್ಸು ಎಲ್ಲಿದೆ ಅಂತ ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಈಗಲೇ ಕಾಣುತ್ತದೆ. ಅಂದರೆ ಬಸ್ಸು ಮಾತಾಡುತ್ತಲೇ ಇದೆ, ನಿಲ್ದಾಣದಲ್ಲಿ ಕಾಯುವವರು ಕೇಳುತ್ತಲೂ ಇದ್ದಾರೆ. ಆ ಮಾತನ್ನು ಮುಂದಿನ ಜಂಕ್ಷನ್‌ನ ಸಿಗ್ನಲ್‌ಗೂ ಕೇಳಿಸಿ, ಬಸ್ಸು ದಾಟುವವರೆಗೆ ಹಸಿರನ್ನು ಐದಾರು ಸೆಕೆಂಡು ಹಿಡಿಸಲು ಹೊಸ ಕಾರೂ ಬೇಡ, 5.9 ಗಿಗಾಹರ್ಟ್ಸೂ ಬೇಡ. ಅಡ್ಡರಸ್ತೆಯ ಕಾರಿನವರು ಆ ಐದಾರು ಸೆಕೆಂಡು ಹಾರ್ನ್ ಹೊಡೆಯದೆ ನಿಲ್ಲಬೇಕು.